ಗೌಡರ ಕಟ್ಟೆಯ ಹಂಡೆ

ಫೈರ್ ಎಂಜಿನ್ ಕಾಣದ ಕಾಲವದು. ಬೇಸಿಗೆ ಬಂತೆಂದರೆ ನಮ್ಮೂರಿನ ಪ್ರತಿ ಮನೆಯ ಕಟ್ಟೆಯ ಮೇಲೂ ತುಂಬಿದ ಕೊಡ ಇರುತ್ತಿತ್ತು. ಎಲ್ಲಿ ಬೆಂಕಿ ಬಿದ್ದರೂ ಅದನ್ನು ಹೊತ್ತು ಓಡಬೇಕು. ಸಂಜೆ ಮನೆಮನೆ ಸುತ್ತಿ ಕೊಡ ನೋಡಿಬರುವವಳು ಫಕೀರವ್ವ.

ಚನವೀರಗೌಡರು ಮಾತ್ರ ಇಡಲೊಲ್ಲರು. “ನಂದು ಕಲ್ಲಿನ ಮನಿ. ಬೆಂಕಿ ಏನ್ ಮಾಡ್ತೈತಿ? ನಿಮ್ಮ ಗುಡಿಸಲಿಗೆ ನಾ ಯಾಕ ನೀರ್ ಇಡ್ಲಿ?”

“ಖರೆ ಐತ್ರಿ” ಎಂದು ಫಕೀರವ್ವ ಹೋದಳು.

ಮರುದಿನ ಗೌಡರು ಚುಟ್ಟಾ ಸೇದುತ್ತ ಬಾಗಿಲು ತೆರೆದರೆ ಎದುರಿಗೆ ಮೇವಿನ ಚಕ್ಕಡಿಗಳು. ಗೋಡೆಗೆ ಒತ್ತಿ ಬಣವೆ ಏಳುತ್ತಿದೆ; ಮುಂದೆ ನಿಂತು ಒಟ್ಟಿಸುತ್ತಿರುವವಳು ಫಕೀರವ್ವ.

“ಇದೇನ, ಫಕೀರವ್ವ?”

“ಬೆಂಕಿ ಹತ್ತದ ಜಾಗ ಊರಾಗ ಇದೊಂದ ಐತ್ರಿ, ಗೌಡ್ರ. ಎಲ್ಲಾರ ಮೇವೂ ಇಲ್ಲೇ ಇರ್ಲಿ.”

ಗೌಡರ ಬಾಯಿಂದ ಚುಟ್ಟಾ ಜಾರಿತು. ಅದನ್ನು ಎರಡೂ ಕಾಲಿಂದ ತುಳಿದು ಆರಿಸಿ, “ಏ, ಹಂಡೆ ತುಂಬಿ ಹೊರಗ ಇಡ್ರೋ!” ಎಂದು ಕೂಗಿದರು.

ಗೌಡರೂ ಫಕೀರವ್ವನೂ ಈಗಿಲ್ಲ. ಬೇಸಿಗೆ ಬಂತೆಂದರೆ ಆ ಕಟ್ಟೆಯ ಮೇಲೆ ಹಂಡೆ ಮಾತ್ರ ಇಂದಿಗೂ ತುಂಬಿರುತ್ತದೆ.