ಸಿಂಹದ ಬಾಯಿ

ಪುರಸಭೆಯ ನೂರು ವರ್ಷದ ಕಟ್ಟಡದ ಮುಂಗೋಡೆಯನ್ನು ಗಾರೆ ಮೇಸ್ತ್ರಿ ಮಾಬುಸಾಬ ಮೊದಲಿದ್ದಂತೆಯೇ ಮಾಡುತ್ತಿದ್ದ. ಸೂರಿನಂಚಿನ ಸಿಂಹದ ಮುಖವೊಂದೇ ಬಾಕಿ. ಹಳೆಯದು ಅವನಜ್ಜ ಮಾಡಿದ್ದು. ಅಷ್ಟರಲ್ಲಿ ಅಧ್ಯಕ್ಷ ಬಸನಗೌಡರು ಬಂದರು.

"ಸಿಂಹ ಬ್ಯಾಡ. ಅಲ್ಲಿ ನನ್ನ ಮಾರಿ ಮಾಡು. ಇಲ್ಲಾಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡ."

ಮಾಬುಸಾಬ ಕೈಮುಗಿದ.

"ಆಗಲ್ರೀ ಗೌಡರ, ಮೀಸಿ ಸಮೇತ ಮಾಡ್ತೀನಿ. ಬಾಯಿ ಎಷ್ಟು ಅಗಲ ತೆಗೀಲಿ?"

"ಬಾಯಿ ಯಾಕ ತೆಗೀಬೇಕು?"

"ಮಾಳಿಗಿ ಮ್ಯಾಲಿನ ಮಳಿನೀರೆಲ್ಲ ಅದರಾಗಿಂದನ ಬೀಳ್ತೈತ್ರೀ. ಪಾರಿವಾಳದ ಹಿಕ್ಕಿ ಸುದ್ದಾ."

ಪಕ್ಕದಲ್ಲಿದ್ದ ಗುಮಾಸ್ತರು ಕೆಮ್ಮಿ ಕೆಮ್ಮಿ ನಗು ನುಂಗಿದರು. ಗೌಡರು ಒಮ್ಮೆ ಮೇಲೆ ನೋಡಿದರು. ಮೆಲ್ಲಗೆ ಮೀಸೆ ಒರೆಸಿಕೊಂಡರು.

"ಸಿಂಹನ ಇರಲಿ ಬಿಡೋ. ಪಾಪ, ಅದಕ್ಕ ರೂಢಿ ಆಗೇತಿ."