ಕೈ ಎತ್ತುವ ಗುಂಡಿ

ನೇಕಾರರ ಸಂಘ ತನ್ನ ಆನ್‌ಲೈನ್ ಸಭೆಗಳನ್ನು ಹಳೆಯ ಆ್ಯಪ್‌ನಿಂದ ಬ್ರೌಸರ್‌ಗೆ ಬದಲಿಸಿದ ದಿನ, ಬ್ರೌಸರ್‌ನ ಹೊಸ ಪರದೆ ಆ್ಯಪನ್ನು ಕೆಣಕಿತು: "ನಿನ್ನೊಳಗೆ ಬರಬೇಕಾದರೆ ಡೌನ್‌ಲೋಡು, ಅಪ್‌ಡೇಟು, ನೂರೆಂಟು ರಗಳೆ. ನನಗೆ ಒಂದು ಲಿಂಕ್ ಸಾಕು. ನನ್ನ ಬಾಗಿಲು ಸದಾ ತೆರೆದಿದೆ."

"ಸಂತೋಷ," ಎಂದಿತು ಆ್ಯಪ್.

ಸಭೆಯಲ್ಲಿ ಕೈಮಗ್ಗಗಳನ್ನು ಕಿತ್ತು ವಿದ್ಯುತ್ ಮಗ್ಗ ಹಾಕುವ ಮಾತು ಬಂತು. ಕೈಮಗ್ಗದ ತುಳಜವ್ವ ತಾನೂ ಮಾತಾಡಬೇಕೆಂದು, ರೂಢಿಯಂತೆ, ಹಳೆಯ ಆ್ಯಪ್‌ನಲ್ಲಿ ಕೈ ಎತ್ತುವ ಗುಂಡಿಯಿದ್ದ ಮೂಲೆಯನ್ನೇ ಒತ್ತಿದಳು. ಅಲ್ಲೀಗ ಹೊರಹೋಗುವ ಗುಂಡಿಯಿತ್ತು. ಹೊರಬಿದ್ದಳು. ಮತ್ತೆ ಬಂದಳು, ಮತ್ತೆ ಅದನ್ನೇ ಒತ್ತಿದಳು. ಅಷ್ಟರಲ್ಲಿ, ಯಾರ ತಕರಾರೂ ಇಲ್ಲವೆಂದು ಠರಾವು ಪಾಸಾಯಿತು.

"ಈಕೆಗೆ ಕಲಿಯುವ ಮನಸ್ಸೇ ಇಲ್ಲ," ಎಂದಿತು ಪರದೆ.

ಆ್ಯಪ್ ಹೇಳಿತು: "ನಾನು ಜನರನ್ನು ಬಾಗಿಲಲ್ಲಿ ಕಾಯಿಸಿದ್ದು ನಿಜ. ಆದರೆ ಕೈ ಎತ್ತಿದವರನ್ನು ಎಂದೂ ಹೊರಗೆ ಹಾಕಲಿಲ್ಲ."