ಮಾತು ಬಿಟ್ಟ ಹುಡುಗಿ, ಅರವಟ್ಟಿಗೆಯ ಅವ್ವ

ಪೂಜ್ಯ ದೇವಾಜಮ್ಮನವರು ಮಠ ಕಟ್ಟಿದವರಲ್ಲ, ಪೀಠ ಏರಿದವರಲ್ಲ. ಹೊಳೆಗೆ ಇಳಿಯುವ ಗಾಡಿದಾರಿಯ ಪಕ್ಕದಲ್ಲಿ, ಹೊಂಗೆಮರದ ಕೆಳಗೆ ತೆಂಗಿನಗರಿಯ ಒಂದು ಚಪ್ಪರ. ಅದರಡಿಯಲ್ಲಿ ಮರಳಿನ ಮೇಲೆ ನಾಲ್ಕು ಮಣ್ಣಿನ ಗಡಿಗೆ, ಒಂದು ಹಿತ್ತಾಳೆ ಚೊಂಬು. ಆ ಅರವಟ್ಟಿಗೆಯೇ ಅವರ ಆಶ್ರಮ. ದಾರಿಹೋಕರ ಬಾಯಾರಿಕೆ ತಣಿಸುವುದೇ ಅವರ ಶಿವಪೂಜೆ. ಮಂಡ್ಯ ಸೀಮೆಯ ಭಕ್ತರೆಲ್ಲ ಅವರನ್ನು ‘ಅವ್ವನವರು’ ಎಂದೇ ಕರೆಯುತ್ತಿದ್ದರು. ಓದುಬರಹ ಅವರಿಗೆ ಬರುತ್ತಿರಲಿಲ್ಲ. ಆದರೆ ಮುನ್ನೂರು ತತ್ವಪದಗಳು ಕಂಠಸ್ಥವಾಗಿದ್ದವು. ಆಶೀರ್ವಾದ ಬೇಡಿ ಕಾಲಿಗೆ ಬಿದ್ದವರಿಗೂ ಮೊದಲು ನೀರು ಕೊಟ್ಟು, ಆಮೇಲೆ “ಏನಪ್ಪ?” ಎನ್ನುತ್ತಿದ್ದರು.

ಮುಂದಿನ ಪ್ರಸಂಗವನ್ನು ನಾನು ಸಾಕಮ್ಮ ಮೇಡಂ ಅವರ ಬಾಯಿಂದಲೇ ಕೇಳಿದ್ದೇನೆ. ಹೇಳುವಾಗ ಅವರು ಎರಡು ಬಾರಿ ಎದ್ದು ಒಳಗೆ ಹೋಗಿ ಮುಖ ತೊಳೆದು ಬಂದರು.

ಸಾಕಮ್ಮ ಆಗ ಹತ್ತೊಂಬತ್ತರ ಹುಡುಗಿ, ಬಟ್ಟೆ ಒಗೆಯುವವರ ಮಗಳು. ಅವಳ ಊರಿನಿಂದ ಟೀಚರ್ ಟ್ರೈನಿಂಗ್ ಶಾಲೆಗೆ ಹೋದ ಮೊದಲ ಹೆಣ್ಣು. ಅಲ್ಲಿ ಕನ್ನಡ ಕಲಿಸುತ್ತಿದ್ದವರು ದೊಡ್ಡ ಪಂಡಿತರು. ಅವರ ಹೆಸರು ಇಲ್ಲಿ ಬೇಡ. ಅವರ ವಿದ್ವತ್ತಿನಲ್ಲಿ ಕೊರತೆಯಿರಲಿಲ್ಲ. ಒಂದು ದಿನ ಅವರು ಬೋರ್ಡಿನ ಮೇಲೆ ‘ಹಾಲು, ಹೂವು, ಹಣ್ಣು’ ಎಂದು ಬರೆದು ಸಾಕಮ್ಮನಿಂದ ಓದಿಸಿದರು. ಹುಟ್ಟಿದಾಗಿನಿಂದ ಕೇಳಿದ ಮಾತಿನಂತೆ ಅವಳು “ಆಲು, ಊವು, ಅಣ್ಣು” ಎಂದಳು.

“ಅಣ್ಣು! ಯಾರ ಅಣ್ಣನಮ್ಮ?” ಎಂದರು ಪಂಡಿತರು. ತರಗತಿಯೇ ನಕ್ಕಿತು. “ಸಾಕಮ್ಮ, ಸಾಕಮ್ಮ ನಿನ್ನ ಪಾಠ!”

ಅಂದಿನಿಂದ ಅದೇ ಅವರ ದಿನದ ವಿನೋದವಾಯಿತು. ಸಂಜೆ ಬಚ್ಚಲುಮನೆಯಲ್ಲಿ ಒಬ್ಬಳೇ ನಿಂತು ಅಭ್ಯಾಸ ಮಾಡಿದರೆ ಹಕಾರ ಸರಿಯಾಗಿಯೇ ಬರುತ್ತಿತ್ತು. ಪಂಡಿತರ ಕನ್ನಡಕ ಕಂಡ ಕೂಡಲೇ ಉಸಿರು ಕಟ್ಟುತ್ತಿತ್ತು. ತಪ್ಪಾಡುವುದಕ್ಕಿಂತ ಸುಮ್ಮನಿರುವುದೇ ಲೇಸೆಂದು ಅವಳು ಮಾತನ್ನೇ ಬಿಟ್ಟಳು. ತಿಂಗಳೊಪ್ಪತ್ತು ಹಾಸ್ಟೆಲಿನಲ್ಲಿ ಉಪ್ಪು ಬೇಕೆಂದೂ ಕೇಳಲಿಲ್ಲ. ಕೊನೆಗೆ ಮಾದರಿ ಪಾಠದ ದಿನ ಬಂತು. ಎಳೆಯ ಮಕ್ಕಳ ಮುಂದೆ ನಿಂತಳು, ಬಾಯಿ ತೆರೆದಳು, ಸ್ವರ ಹೊರಡಲಿಲ್ಲ. ಮಕ್ಕಳೂ ನಕ್ಕವು.

ಊರಿಗೆ ಹೋಗುವಂತಿರಲಿಲ್ಲ. ‘ನನ್ ಮಗಳು ಮೇಡಂ ಆಯ್ತಾಳೆ’ ಎಂದು ತಾಯಿ ಮನೆಮನೆಗೂ ಹೇಳಿ ಬಂದಿದ್ದಳು. ಮಟಮಟ ಮಧ್ಯಾಹ್ನ ಸಾಕಮ್ಮ ಬರಿಗೈಯಲ್ಲಿ ಹೊಳೆಯ ದಾರಿ ಹಿಡಿದಳು.

ಅವ್ವನವರು ಅವಳನ್ನು ದೂರದಿಂದಲೇ ಕಂಡರು. ಎದ್ದು ಬಂದು ದಾರಿಗೆ ಅಡ್ಡವಾಗಿ ನಿಂತು ಚೊಂಬು ನೀಡಿದರು.

“ಕುಡ್ದು ಓಗವ್ವ.”

ಹುಡುಗಿ ಕುಡಿಯಲಿಲ್ಲ. ಅವ್ವನವರು ಕದಲಲೂ ಇಲ್ಲ. ಎಷ್ಟೋ ಹೊತ್ತಿನ ಮೇಲೆ, ತಿಂಗಳಿಂದ ಮುಚ್ಚಿದ್ದ ಬಾಯಿ ತೆರೆಯಿತು. “ನಾನು ತಿರುಗಿ ಬರಾಕ್ ಓಯ್ತಿಲ್ಲ ಅವ್ವ. ಬುಟ್ಬುಡಿ.”

ಅವ್ವನವರು ಬೆಚ್ಚಲಿಲ್ಲ. “ಯಾರವ್ವ ಅಂದೋರು? ಏನಂದ್ರು?” ಎಂದಷ್ಟೇ ಕೇಳಿದರು.

ಚಪ್ಪರದ ನೆರಳಿನಲ್ಲಿ ಸಾಕಮ್ಮ ಎಲ್ಲವನ್ನೂ ಹೇಳಿದಳು. ಕೊನೆಗೆ ಅವರ ಪಾದ ಹಿಡಿದು ಬೇಡಿದಳು. “ಅವರ ಮನಸ್ಸು ತಿರುಗೋ ಅಂಗೆ ಮಾಡಿ ಅವ್ವ.”

“ಅದು ನನ್ ಕೈಲಾಗಾಕಿಲ್ಲ ಕನವ್ವ,” ಎಂದರು ಅವ್ವನವರು. “ನಂಗೆ ಪದ ಕಲಿಸ್ದ ಅಯ್ನೋರು ಅನ್ನೆರಡು ವರ್ಸ ನನ್ನ ಎಸರಿಡ್ದು ಕರೀಲಿಲ್ಲ. ‘ಮೊದ್ದುಮುಂಡೆ’ ಅಂತಿದ್ರು. ತೆಪ್ಪಿದ್ರೆ ತಲೆಮ್ಯಾಲೆ ಒಡೀತಿದ್ರು. ಸಾಯೋಗಂಟ ಒಂದು ಒಳ್ಳೇ ಮಾತು ಬರ್ಲಿಲ್ಲ. ಇವತ್ತೂ ನೆಪ್ಪಾದ್ರೆ ನಿದ್ದೆ ಬರಾಕಿಲ್ಲ.”

ಸಮದೃಷ್ಟಿಯ ಮಹಾತಾಯಿಯೆಂದು ಲೋಕವೇ ಕೈಮುಗಿಯುತ್ತಿದ್ದ ಅವ್ವನವರ ಕಣ್ಣಲ್ಲಿ ನೀರಿತ್ತು.

“ಮತ್ತೆ ಯಾಕಿದ್ರಿ ಅವ್ವ?”

“ಪದ ಬೇಕಾಗಿತ್ತು. ಬಾಯಿ ಅವರ್ದು, ಪದ ಅವರಪ್ಪನ ಮನೇದಲ್ಲ. ನಿನ್ ಅಕ್ಸರಾನೂ ಅಷ್ಟೇಯ. ಬೇಕಾದ್ದ ಈಸ್ಕೊ. ಮಿಕ್ಕದ್ದ ಬ್ಯಾಡ ಅನ್ನು. ನಾನು ಬ್ಯಾಡ ಅನ್ನಲಿಲ್ಲ. ಅದು ನನ್ ತೆಪ್ಪು.”

ಹುಡುಗಿ ಚೊಂಬು ತೆಗೆದುಕೊಂಡು ನೀರು ಕುಡಿದಳು. ಅರವಟ್ಟಿಗೆ ಬಿಟ್ಟು ಎಂದೂ ಕದಲದಿದ್ದ ಅವ್ವನವರು ಅಂದು ಮೂರು ಮೈಲಿ ನಡೆದು, ಹೊತ್ತು ಮುಳುಗುವ ಮುಂಚೆ ಅವಳನ್ನು ಹಾಸ್ಟೆಲಿನ ಬಾಗಿಲಿಗೆ ಮುಟ್ಟಿಸಿ ಹಿಂದಿರುಗಿದರು.

ಮಾರನೆಯ ದಿನ ಪಂಡಿತರು ಎಂದಿನಂತೆ “ಬಂದೆಯಾ? ಸಾಕಮ್ಮ, ಸಾಕು” ಎಂದರು. ಸಾಕಮ್ಮ ಎದ್ದು ನಿಂತಳು.

“ತಪ್ಪಿದ್ರೆ ತಿದ್ದಿ ಸ್ವಾಮಿ, ತಿದ್ಕೋತೀನಿ. ನನ್ ಎಸರ ಇಡ್ಕೊಂಡು ಆಡ್ಕೊಳ್ಳೋದು ಬ್ಯಾಡ.”

ಆ ‘ಎಸರ’ಕ್ಕೂ ತರಗತಿ ನಕ್ಕಿತು. ಅವಳು ಕೂರಲಿಲ್ಲ. ಪಂಡಿತರು “ಹೊರಗೆ ನಡಿ” ಎಂದು ಗುಡುಗಿದರು. ವರ್ಷದ ಪಾಠ ಮುಗಿಯುವವರೆಗೆ, ಹನ್ನೊಂದು ದಿನ, ಅವಳು ವರಾಂಡದ ಕಿಟಕಿಯ ಬಳಿ ನಿಂತು, ಒಳಗಿನಿಂದ ಕೇಳಿಬಂದ ಪಾಠವನ್ನೆಲ್ಲ ಬರೆದುಕೊಂಡಳು. ಪಂಡಿತರು ಕರಗಲಿಲ್ಲ. ಆ ವರ್ಷ ಮೌಖಿಕ ಪರೀಕ್ಷೆಯಲ್ಲಿ ಅವಳು ನಪಾಸಾದಳು. ಮರುವರ್ಷ ಪಾಸಾದಾಗ ಅವರು ಮುಖ ನೋಡದೆ ಸರ್ಟಿಫಿಕೇಟು ಮುಂದೆ ತಳ್ಳಿದರು. ಕನಸಿನಲ್ಲಿ ಆ ನಗು ಈಗಲೂ ಕೇಳುತ್ತದೆಂದು ಮೇಡಂ ನನಗೆ ಹೇಳಿದರು.

ಸರ್ಟಿಫಿಕೇಟು ಹಿಡಿದು ಅವಳು ನೇರ ಅರವಟ್ಟಿಗೆಗೆ ಬಂದಳು. ಅವ್ವನವರು ಕಾಗದವನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಸೆರಗಿನಿಂದ ನೆಲ ಒರೆಸಿ, “ಕೂತ್ಕೊ” ಎಂದು ಅವಳನ್ನು ಕೂರಿಸಿ, ತಾವು ಎದುರಿಗೆ ಮಂಡಿಯೂರಿ ಕೂತರು.

“ನಂಗೂ ನನ್ ಎಸರು ಬರೆಯಾದ ಕಲಿಸ್ತೀಯೇನವ್ವ?”

ಸಾಕಮ್ಮ ಮರಳಿನ ಮೇಲೆ ‘ದೇ’ ಎಂದು ಬರೆದು ತೋರಿಸಿದಳು. ಅವ್ವನವರ ಬೆರಳು ತೊಡರಿತು. ಅಳಿಸಿ ಮತ್ತೆ ಬರೆದರು, ಮತ್ತೆ ತಪ್ಪಿತು. ಮೂರನೆಯ ಸಲ ಸುಳಿ ಎತ್ತಲೋ ಹೋದಾಗ, ಎಪ್ಪತ್ತರ ಹತ್ತಿರದ ಆ ತಾಯಿ ಥಟ್ಟನೆ ಕೈ ಹಿಂದಕ್ಕೆಳೆದುಕೊಂಡು, ತಲೆಗೆ ಅಡ್ಡ ಹಿಡಿದು, ಕಣ್ಣು ಮುಚ್ಚಿ ಕುಗ್ಗಿದರು.

ಸಾಕಮ್ಮನ ಎದೆ ಒಡೆದುಹೋಯಿತು. “ಪಂಡಿತರ ಮುಂದೆ ನಾನು ಕುಗ್ಗಿದ್ದೂ ಹಾಗೆಯೇ” ಎಂದರು ಮೇಡಂ. ಯಾರೋ ತನ್ನನ್ನು ಟೀಚರೆಂದು ಒಪ್ಪಲಿ ಎಂಬ ಹಸಿವು ಆ ಗಳಿಗೆಯಲ್ಲೇ ಸತ್ತಿತಂತೆ.

ಅವಳು ಅವ್ವನವರ ಕೈಯನ್ನು ಮೆಲ್ಲನೆ ಕೆಳಗಿಳಿಸಿ, ಬೆರಳನ್ನು ತನ್ನ ಬೆರಳುಗಳೊಳಗೆ ಹಿಡಿದು ಮರಳಿನ ಮೇಲಿಟ್ಟಳು.

“ಯಾರೂ ಒಡೆಯಾಕಿಲ್ಲ ಅವ್ವ. ಇನ್ನೊಂದು ಸಲ ಬರೆಯವಾ.”